ನೆರೆಮನೆಯವರ ಪಂಚಾಯಿತಿ: ದೇಶದೊಳಗಿನ ಜಗಳಕ್ಕೆ ಪ್ರಾದೇಶಿಕ ಸಂಘಟನೆ ಎಷ್ಟರ ಮಟ್ಟಿಗೆ ಆದೀತು?

ಮಡಿಕೇರಿಯ ‘ಸನ್ನಿಸೈಡ್’ ಮನೆ ಈಗ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯ. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದಾಗಲೇ, 1965ರ ಡಿಸೆಂಬರ್ 18ರಂದು, ತಿಮ್ಮಯ್ಯನವರು ತೀರಿಕೊಂಡದ್ದು ಕೊಡಗಿನವರಿಗೆ ಗೊತ್ತಿರುವ ಸಂಗತಿ. ಆ ದ್ವೀಪಕ್ಕೆ ವಿಶ್ವಸಂಸ್ಥೆಯೇ ಯಾಕೆ ಹೋಗಬೇಕಾಯಿತು ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. 1963ರ ಡಿಸೆಂಬರ್‌ನಲ್ಲಿ ಅಲ್ಲಿ ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ನಡುವೆ ಹೊಡೆದಾಟ ಶುರುವಾದಾಗ ಬ್ರಿಟನ್ ಮತ್ತು ಅಮೆರಿಕ ಮೊದಲು ಮುಂದಿಟ್ಟದ್ದು ನೇಟೊ ದೇಶಗಳ ಸುಮಾರು 10,000 ಸೈನಿಕರ ಪಡೆಯನ್ನು. ಅಧ್ಯಕ್ಷ ಮಕಾರಿಯೋಸ್ ಒಪ್ಪಲಿಲ್ಲ. ಸೈಪ್ರಸ್ ನೇಟೊ ಸದಸ್ಯ ದೇಶವಲ್ಲ. ಆದರೆ ಗ್ರೀಸ್, ತುರ್ಕಿ ಎರಡೂ ಸದಸ್ಯರು. ಹೊಡೆದಾಡುವ ಎರಡು ಬಣಗಳ ಬೆನ್ನಿಗೆ ನಿಂತವರೇ ರಾಜಿ ಮಾಡಿಸಲು ಬಂದು ಕೂರುವ ಏರ್ಪಾಡು ಅದಾಗುತ್ತಿತ್ತು. ಕೊನೆಗೆ 1964ರ ಮಾರ್ಚ್ 4ರಂದು ಭದ್ರತಾ ಮಂಡಳಿ 186ನೇ ನಿರ್ಣಯ ಹೊರಡಿಸಿತು. ಮೂರು ತಿಂಗಳ ಮಟ್ಟಿಗೆ ಎಂದು ಹೋದ ಪಡೆ ಅರವತ್ತು ವರ್ಷ ದಾಟಿದರೂ ಅಲ್ಲೇ ಇದೆ.

ಒಂದು ದೇಶದೊಳಗೆ ಬೆಂಕಿ ಬಿದ್ದಾಗ ಆರಿಸಲು ಯಾರು ಹೋಗಬೇಕು? ಹತ್ತಿರದವರು ಬೇಗ ತಲುಪುತ್ತಾರೆ, ಅವರಿಗೆ ಭಾಷೆ ಗೊತ್ತು, ಒಳಸುಳಿ ಗೊತ್ತು, ನಿರಾಶ್ರಿತರು ಬಂದು ಸೇರುವುದೂ ಅವರ ಗಡಿಗೇ. ಆದರೆ ಆ ಜಗಳದಲ್ಲಿ ಕೈಯಾಡಿಸಿರುವವರೂ ಹೆಚ್ಚಿನ ಸಲ ಅವರೇ.

ಕೊಡಗಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಒಕ್ಕಗಳ, ಅಂದರೆ ಮನೆತನಗಳ, ನಡುವಿನ ತಕರಾರಿಗೆ ಊರಿನ ಮುಖ್ಯಸ್ಥರಾದ ಊರ್ ತಕ್ಕರ ಮಾತು ನಡೆಯುತ್ತಿತ್ತು. ಒಕ್ಕದ ಒಳಗಿನ ಪಾಲಿನ ಜಗಳಕ್ಕೆ ಒಕ್ಕದ ಯಜಮಾನನಾದ ಪಟ್ಟೆದಾರ ಕರೆಯದೆ ಹೊರಗಿನವರು ಐನ್‌ಮನೆಯ, ಅಂದರೆ ಮೂಲಮನೆಯ, ಮೆಟ್ಟಿಲು ಹತ್ತುವುದು ಕಷ್ಟ. ಪಟ್ಟೆದಾರನ ಮೇಲೇ ದೂರಿದ್ದರೆ ಮತ್ತೂ ಕಷ್ಟ. ಆಫ್ರಿಕನ್ ಯೂನಿಯನ್, ಪಶ್ಚಿಮ ಆಫ್ರಿಕಾದ ಎಕೊವಾಸ್, ಆಗ್ನೇಯ ಏಷ್ಯಾದ ಆಸಿಯಾನ್, ನಮ್ಮ ದಕ್ಷಿಣ ಏಷ್ಯಾದ ಸಾರ್ಕ್ ಎಲ್ಲವೂ ತಡವರಿಸುವುದು ಇದೇ ಮೆಟ್ಟಿಲಲ್ಲಿ. ದಾಟಿದ ಕಡೆ ಅದಕ್ಕೆ ಸನ್ನದಿನ ಮಾತು ಕಾರಣವಾದದ್ದು ಅಪರೂಪ. ನೆರೆಯವರ ಕೈಯಲ್ಲಿ ಆ ಆಡಳಿತಗಾರನಿಗೆ ಬೇಕಾದದ್ದು ಏನಿತ್ತು, ಆ ನೆರೆಯವರೆಲ್ಲ ಹಗ್ಗವನ್ನು ಒಂದೇ ಕಡೆಗೆ ಎಳೆದರೇ ಎಂಬುದರ ಮೇಲೇ ಫಲಿತಾಂಶ ನಿಂತಿದೆ.

ಕಾಗದದ ಮೇಲಿನ ಅಧಿಕಾರ

ವಿಶ್ವಸಂಸ್ಥೆಯ ಸನ್ನದಿನ 2(7)ನೇ ವಿಧಿ ಒಂದು ದೇಶದ ಆಂತರಿಕ ವಿಷಯಕ್ಕೆ ಕೈಹಾಕಬಾರದು ಎನ್ನುತ್ತದೆ. ಅದೇ ಸನ್ನದಿನ ಎಂಟನೇ ಅಧ್ಯಾಯ ಪ್ರಾದೇಶಿಕ ಸಂಘಟನೆಗಳಿಗೆ ಜಾಗ ಕೊಡುತ್ತದೆ: 52ನೇ ವಿಧಿಯಂತೆ ಸ್ಥಳೀಯ ವಿವಾದಗಳನ್ನು ಶಾಂತಿಯಿಂದ ಬಗೆಹರಿಸಲು ಮೊದಲು ಅವೇ ಪ್ರಯತ್ನಿಸಬೇಕು, 53ರಂತೆ ಬಲಪ್ರಯೋಗಕ್ಕೆ ಭದ್ರತಾ ಮಂಡಳಿಯ ಅನುಮತಿ ಬೇಕು, 54ರಂತೆ ಮಾಡಿದ್ದನ್ನೆಲ್ಲ ಮಂಡಳಿಗೆ ತಿಳಿಸುತ್ತಿರಬೇಕು. ನಡೆದದ್ದು ಹಾಗಲ್ಲ. 1990ರ ಆಗಸ್ಟ್‌ನಲ್ಲಿ ಎಕೊವಾಸ್ ಲೈಬೀರಿಯಾಕ್ಕೆ ‘ಎಕೊಮಾಗ್’ ಪಡೆ ಇಳಿಸಿದಾಗ ಯಾರ ಅನುಮತಿಯೂ ಇರಲಿಲ್ಲ. ಭದ್ರತಾ ಮಂಡಳಿ ಆಮೇಲೆ ಶಹಬ್ಬಾಸ್ ಎಂದಿತು. ಆ ಪಡೆಯ ಬೆನ್ನೆಲುಬು ನೈಜೀರಿಯಾ. ಬಂಡುಕೋರ ಚಾರ್ಲ್ಸ್ ಟೇಲರ್‌ಗೆ ಬೆಂಬಲ ಕೊಟ್ಟದ್ದು ಅದೇ ಎಕೊವಾಸ್‌ನ ಸದಸ್ಯರಾದ ಐವರಿ ಕೋಸ್ಟ್ ಮತ್ತು ಬುರ್ಕಿನಾ ಫಾಸೊ. ಒಂದೇ ಸಂಘದ ಸದಸ್ಯರು ಯುದ್ಧದ ಎರಡೂ ಕಡೆ. ಏಳು ವರ್ಷಗಳಲ್ಲಿ ಹತ್ತಕ್ಕೂ ಹೆಚ್ಚು ಒಪ್ಪಂದಗಳು ಮುರಿದು, 1997ರಲ್ಲಿ ಚುನಾವಣೆ ನಡೆದು ಗೆದ್ದದ್ದು ಟೇಲರ್ ಅವರೇ! ಪಡೆಯ ಲೂಟಿ ನೋಡಿದ್ದ ಲೈಬೀರಿಯನ್ನರು ಎಕೊಮಾಗ್ ಎಂಬ ಹೆಸರಿಗೆ ‘ಕಾರು ಸೇರಿ ಅಲುಗಾಡುವ ವಸ್ತುವೆಲ್ಲ ಮಾಯ’ ಎಂದು ಅರ್ಥ ಕಟ್ಟಿದ್ದರು.

ರುವಾಂಡಾದ 1994ರ ನರಮೇಧದ ನಂತರ ಆಫ್ರಿಕಾದಲ್ಲಿ ಮಾತಿನ ಧಾಟಿ ಬದಲಾಯಿತು. 1963ರಲ್ಲಿ ಹುಟ್ಟಿದ ಆಫ್ರಿಕನ್ ಏಕತಾ ಸಂಘಟನೆಗೆ ‘ಪರರ ಮನೆಗೆ ತಲೆಹಾಕದಿರುವುದು’ ಮೂಲಮಂತ್ರ. ಅದರ ಜಾಗಕ್ಕೆ ಬಂದ ಆಫ್ರಿಕನ್ ಯೂನಿಯನ್ 2000ದಲ್ಲಿ ಲೋಮೆಯಲ್ಲಿ ಅಂಗೀಕರಿಸಿದ ಸ್ಥಾಪನಾ ಕಾಯ್ದೆಯ 4(ಎಚ್) ವಿಧಿಯಲ್ಲಿ ಯುದ್ಧಾಪರಾಧ, ನರಮೇಧ, ಮಾನವತೆಯ ವಿರುದ್ಧದ ಅಪರಾಧ ನಡೆದರೆ ಸದಸ್ಯ ದೇಶದೊಳಗೆ ಮಧ್ಯಪ್ರವೇಶಿಸುವ ಹಕ್ಕನ್ನೇ ಬರೆದುಕೊಂಡಿತು. ಇಷ್ಟು ಗಟ್ಟಿಯಾದ ಕಲಮು ಬೇರೆ ಪ್ರಾದೇಶಿಕ ಸಂಘಟನೆಗಳ ಸನ್ನದಿನಲ್ಲಿ ಸಿಗುವುದಿಲ್ಲ.

ಬಳಸಲು ಹೊರಟದ್ದು ಒಮ್ಮೆ. ಬುರುಂಡಿಯಲ್ಲಿ ಅಧ್ಯಕ್ಷ ಎನ್ಕುರುಂಜಿಜಾ ಮೂರನೇ ಅವಧಿಗೆ ಕುಳಿತು ರಕ್ತಪಾತವಾದಾಗ, 2015ರ ಡಿಸೆಂಬರ್ 17ರಂದು 15 ಸದಸ್ಯರ ಶಾಂತಿ ಮತ್ತು ಭದ್ರತಾ ಮಂಡಳಿ 5,000 ಸೈನಿಕರನ್ನು ಕಳಿಸಲು ತೀರ್ಮಾನಿಸಿ, ಒಪ್ಪಿಕೊಳ್ಳಲು 96 ಗಂಟೆ ಗಡುವು ಕೊಟ್ಟಿತು. ಬುರುಂಡಿ ಒಪ್ಪಲಿಲ್ಲ, ಕಾಲಿಟ್ಟರೆ ದಾಳಿ ಎಂದೇ ಪರಿಗಣಿಸುತ್ತೇವೆ ಎಂದಿತು. ಒಪ್ಪಿಗೆ ಇಲ್ಲದೆ ನುಗ್ಗಬೇಕಾದರೆ ಅಂತಿಮ ಮಾತು ರಾಷ್ಟ್ರಾಧ್ಯಕ್ಷರ ಮಹಾಸಭೆಯದು. ಜನವರಿ ಕೊನೆಯಲ್ಲಿ ಸೇರಿದ ಆ ಸಭೆ ಕೈಬಿಟ್ಟಿತು. ಅಲ್ಲಿ ಕುಳಿತ ಹಲವರು ತಾವೂ ಸಂವಿಧಾನ ತಿದ್ದಿ ಕುರ್ಚಿ ಉಳಿಸಿಕೊಂಡವರು. ಇಂದು ಬುರುಂಡಿಗೆ ಹೋದ ಪಡೆ ನಾಳೆ ನಮ್ಮಲ್ಲಿಗೂ ಬಂದೀತು ಎಂಬ ಲೆಕ್ಕ ಅವರದು. ಇನ್ನೊಂದು ಗಂಟೂ ಇತ್ತು. ಸೊಮಾಲಿಯಾದಲ್ಲಿದ್ದ ಆಫ್ರಿಕನ್ ಯೂನಿಯನ್ ಪಡೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಸೈನಿಕರು ಬುರುಂಡಿಯವರೇ. ಅವರನ್ನು ವಾಪಸು ಕರೆಸಿಕೊಂಡರೆ ಆ ಕಾರ್ಯಾಚರಣೆಯೇ ಕುಸಿಯುತ್ತಿತ್ತು. ಬೆದರಿಸಬೇಕಾದವರೇ ಬೆದರಿಕೆಗೆ ಸಿಕ್ಕಿಬಿದ್ದರು.

ಗ್ಯಾಂಬಿಯಾ ಬಗ್ಗಿತು, ನೈಜರ್ ಬಗ್ಗಲಿಲ್ಲ

ಒಂದೇ ಸಂಘಟನೆ, ಅದೇ ಕಾನೂನು, ಏಳು ವರ್ಷದೊಳಗೆ ಎರಡು ಪ್ರಕರಣ, ತದ್ವಿರುದ್ಧ ಫಲ. ಈ ವಿಷಯವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು.

2016ರ ಡಿಸೆಂಬರ್ 1ರ ಚುನಾವಣೆಯಲ್ಲಿ ಗ್ಯಾಂಬಿಯಾದ ಯಾಹ್ಯಾ ಜಮ್ಮೆ 22 ವರ್ಷಗಳ ಆಳ್ವಿಕೆಯ ನಂತರ ಅದಾಮಾ ಬ್ಯಾರೊ ಎದುರು ಸೋತರು. ಮೊದಲು ಸೋಲೊಪ್ಪಿ, ಡಿಸೆಂಬರ್ 9ಕ್ಕೆ ಮಾತು ತಿರುಗಿಸಿದರು. ಎಕೊವಾಸ್ ಮೊದಲು ಲೈಬೀರಿಯಾ, ನೈಜೀರಿಯಾ, ಘಾನಾ, ಸಿಯೆರಾ ಲಿಯೋನ್‌ಗಳ ನಾಯಕರನ್ನು ಮಾತುಕತೆಗೆ ಕಳಿಸಿತು. ಒಟ್ಟೊಟ್ಟಿಗೆ ಸೆನೆಗಲ್ ನೇತೃತ್ವದಲ್ಲಿ ಸುಮಾರು 7,000 ಸೈನಿಕರನ್ನು ಗಡಿಯಲ್ಲಿ ನಿಲ್ಲಿಸಿತು. ಜಮ್ಮೆ ಅಧಿಕಾರಾವಧಿ ಮುಗಿದ ಮರುದಿನ, 2017ರ ಜನವರಿ 19ರಂದು, ಬ್ಯಾರೊ ಸೆನೆಗಲ್ ರಾಜಧಾನಿ ಡಕಾರ್‌ನ ಗ್ಯಾಂಬಿಯಾ ರಾಯಭಾರ ಕಚೇರಿಯಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಕಾನೂನಿನ ಕೀಲಿ ಇರುವುದು ಇಲ್ಲಿ. ಅಂದು ಭದ್ರತಾ ಮಂಡಳಿ ಹೊರಡಿಸಿದ 2337ನೇ ನಿರ್ಣಯ ಎಕೊವಾಸ್‌ನ ರಾಜಕೀಯ ಪ್ರಯತ್ನಗಳನ್ನು ಬೆಂಬಲಿಸಿತೇ ಹೊರತು ಬಲಪ್ರಯೋಗಕ್ಕೆ ಸ್ಪಷ್ಟ ಅನುಮತಿ ಕೊಡಲಿಲ್ಲ. ಆದರೆ ಪ್ರಮಾಣವಚನ ಆದ ಗಳಿಗೆಯಿಂದ ಬ್ಯಾರೊ ಆ ದೇಶದ ಅಧ್ಯಕ್ಷರು. ಅವರೇ ಕರೆದದ್ದರಿಂದ ಪಡೆ ಒಳಗೆ ಬಂದದ್ದು ಆಕ್ರಮಣ ಅನ್ನಿಸಿಕೊಳ್ಳಲಿಲ್ಲ. ಪಟ್ಟೆದಾರ ಬದಲಾದ, ಹೊಸಬ ಬಾಗಿಲು ತೆರೆದ. ಗಡಿ ದಾಟಿದ ಪಡೆ ತುಸು ನಿಂತಿತು. ಗಿನಿ ಮತ್ತು ಮಾರಿಟೇನಿಯಾದ ಅಧ್ಯಕ್ಷರು ಕೊನೆಯ ಬಾರಿ ಜಮ್ಮೆ ಜೊತೆ ಕೂತರು. ಜನವರಿ 21ರ ರಾತ್ರಿ ಆತ ವಿಮಾನ ಹತ್ತಿ ಈಕ್ವಟೋರಿಯಲ್ ಗಿನಿ ಸೇರಿದರು.

ನಕ್ಷೆ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಗ್ಯಾಂಬಿಯಾ ಒಂದು ನದಿಯ ಎರಡು ದಡದ ಪಟ್ಟಿ. ಮೂರು ಕಡೆ ಸೆನೆಗಲ್, ಒಂದು ಕಡೆ ಸಮುದ್ರ. ಸೇನೆ ಚಿಕ್ಕದು, ಅದರ ಮುಖ್ಯಸ್ಥರೇ ಹೊಡೆದಾಡುವುದಿಲ್ಲ ಎಂದಿದ್ದರು. ಎಕೊವಾಸ್ ಕೈಯಲ್ಲಿ ಸ್ಪಷ್ಟ ಚುನಾವಣಾ ಫಲಿತಾಂಶವಿತ್ತು. ಸದಸ್ಯ ದೇಶಗಳಲ್ಲಿ ಜಮ್ಮೆ ಪರ ನಿಲ್ಲುವವರು ಯಾರೂ ಇರಲಿಲ್ಲ.

ನೈಜರ್‌ನಲ್ಲಿ 2023ರ ಜುಲೈ 26ರಂದು ಅಧ್ಯಕ್ಷ ಬಜೂಮ್ ಅವರನ್ನು ಅವರ ಕಾವಲು ಪಡೆಯೇ ಕೂಡಿಹಾಕಿತು. ಜುಲೈ 30ರಂದು ಅಬುಜಾದಲ್ಲಿ ಸೇರಿದ ಎಕೊವಾಸ್ ಒಂದು ವಾರದ ಗಡುವು ಕೊಟ್ಟು, ಇಲ್ಲವಾದರೆ ಬಲಪ್ರಯೋಗವೂ ಆದೀತು ಎಂದಿತು. ಜೊತೆಗೆ ಗಡಿ ಬಂದ್, ಹಣಕಾಸು ವ್ಯವಹಾರ ಸ್ಥಗಿತ, ಪ್ರಾದೇಶಿಕ ಕೇಂದ್ರ ಬ್ಯಾಂಕಿನಲ್ಲಿದ್ದ ಆಸ್ತಿ ಮುಟ್ಟುಗೋಲು. ನೈಜೀರಿಯಾ ಕರೆಂಟ್ ಕಡಿತ ಮಾಡಿತು; ನೈಜರ್‌ನ ವಿದ್ಯುತ್ತಿನ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಮರುದಿನವೇ ಮಾಲಿ ಮತ್ತು ಬುರ್ಕಿನಾ ಫಾಸೊದ ಸೇನಾಡಳಿತಗಳು ನೈಜರ್ ಮೇಲಿನ ದಾಳಿ ನಮ್ಮ ಮೇಲಿನ ಯುದ್ಧ ಎಂದು ಘೋಷಿಸಿದವು. ನೈಜೀರಿಯಾದ ಸೆನೆಟ್ ಸೈನ್ಯ ಕಳಿಸಲು ಒಲವು ತೋರಲಿಲ್ಲ. ಅದರ ಉತ್ತರದ ರಾಜ್ಯಗಳಿಗೂ ನೈಜರ್‌ಗೂ 1,600 ಕಿಲೋಮೀಟರ್ ಗಡಿ, ಎರಡೂ ಕಡೆ ಅದೇ ಹೌಸಾ ಜನ. ಆಫ್ರಿಕನ್ ಯೂನಿಯನ್ ನೈಜರನ್ನು ಅಮಾನತು ಮಾಡಿತೇ ವಿನಾ ಬಲಪ್ರಯೋಗಕ್ಕೆ ಬೆನ್ನು ತಟ್ಟಲಿಲ್ಲ. ಆಗಸ್ಟ್ 6ಕ್ಕೆ ಗಡುವು ಮುಗಿಯಿತು, ಏನೂ ಆಗಲಿಲ್ಲ.

ಹಾಕಿದ ಗಡುವು ಹಾಗೇ ಹೋದರೆ ಆಮೇಲಿನ ಮಾತಿಗೆ ಬೆಲೆ ಇರುವುದಿಲ್ಲ. ಬೆನಿನ್ ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು, ಔಷಧಿ ಮತ್ತು ಅಕ್ಕಿ ತುಟ್ಟಿಯಾದವು, ದಂಗೆ ಎದ್ದ ಜನರಲ್‌ಗಳಿಗೆ ‘ಹೊರಗಿನವರು ನಮ್ಮನ್ನು ಉಪವಾಸ ಕೆಡವುತ್ತಿದ್ದಾರೆ’ ಎನ್ನಲು ನೆಪ ಸಿಕ್ಕಿತು. ಆ ಸೆಪ್ಟೆಂಬರ್ 16ಕ್ಕೆ ಮೂರು ದೇಶಗಳು ‘ಸಾಹೆಲ್ ರಾಷ್ಟ್ರಗಳ ಮೈತ್ರಿಕೂಟ’ ಕಟ್ಟಿಕೊಂಡವು. 2024ರ ಜನವರಿ 28ರಂದು ಎಕೊವಾಸ್ ಬಿಡುತ್ತೇವೆ ಎಂದವು. ಫೆಬ್ರವರಿಯಲ್ಲಿ ಎಕೊವಾಸ್ ತಾನಾಗಿಯೇ ಹೆಚ್ಚಿನ ನಿರ್ಬಂಧ ಸಡಿಲಿಸಿದರೂ ಮನಸ್ಸು ಬದಲಿಸಲಿಲ್ಲ. 2025ರ ಜನವರಿ 29ಕ್ಕೆ ಅಧಿಕೃತವಾಗಿ ಹೊರನಡೆದವು. 1975ರಿಂದ ಕಟ್ಟಿಕೊಂಡು ಬಂದ ಹದಿನೈದು ದೇಶಗಳ ಸಂಘ ಹನ್ನೆರಡಕ್ಕೆ ಇಳಿಯಿತು.

ಎಕೊವಾಸ್ ಮೇಲೆ ಅಲ್ಲಿನ ಯುವಕರಿಗೆ ಇರುವ ಸಿಟ್ಟಿಗೆ ಇನ್ನೊಂದು ಕಾರಣವಿದೆ. ಬಂದೂಕು ಹಿಡಿದು ಬಂದವನನ್ನು ಮಾತ್ರ ಅದು ಶಿಕ್ಷಿಸುತ್ತದೆ; ಸಂವಿಧಾನ ತಿದ್ದಿ ಕುರ್ಚಿಗೆ ಅಂಟಿಕೊಂಡವನನ್ನು ಕೇಳುವುದಿಲ್ಲ. ಎರಡೇ ಅವಧಿ ಎಂಬ ಕಟ್ಟಳೆ ತರಲು 2015ರಲ್ಲಿ ಪ್ರಸ್ತಾವ ಬಂದಿತ್ತು. ಟೋಗೊ ಮತ್ತು ಜಮ್ಮೆಯ ಗ್ಯಾಂಬಿಯಾ ವಿರೋಧಿಸಿದ್ದಕ್ಕೆ ಬಿದ್ದುಹೋಯಿತು. 2020ರಲ್ಲಿ ಗಿನಿಯ ಆಲ್ಫಾ ಕೊಂಡೆ ಮೂರನೇ ಅವಧಿಗೆ ಕೂತಾಗ ಎಕೊವಾಸ್ ಬಾಯಿಬಿಡಲಿಲ್ಲ. ಮರುವರ್ಷ ಸೇನೆ ಆತನನ್ನು ಇಳಿಸಿದಾಗ ಅಮಾನತು ಪತ್ರ ತಕ್ಷಣ ಹೊರಟಿತು. ಗ್ಯಾಂಬಿಯಾದಲ್ಲಿ ಕೊನೆಯ ಸಂಧಾನಕ್ಕೆ ಕೂತ ಗಿನಿಯ ಅಧ್ಯಕ್ಷ ಈ ಕೊಂಡೆ ಅವರೇ ಎಂಬುದು ಬೇರೆ ಮಾತು.

ಕೀನ್ಯಾ: ಒಂದೇ ಮೇಜು

ಸೈನ್ಯವಿಲ್ಲದೆ ಆದ ಕೆಲಸಕ್ಕೆ ಕೀನ್ಯಾ ಉದಾಹರಣೆ. 2007ರ ಡಿಸೆಂಬರ್ 27ರ ಚುನಾವಣೆಯ ಫಲಿತಾಂಶದ ಮೇಲೆ ಅಧ್ಯಕ್ಷ ಕಿಬಾಕಿ ಮತ್ತು ವಿರೋಧ ಪಕ್ಷದ ರೈಲಾ ಒಡಿಂಗಾ ಬಣಗಳು ಹೊಡೆದಾಡಿ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು, ಲಕ್ಷಾಂತರ ಜನ ಊರು ಬಿಟ್ಟರು. ಆಫ್ರಿಕನ್ ಯೂನಿಯನ್ ಕಳಿಸಿದ ಮೂವರ ತಂಡ: ವಿಶ್ವಸಂಸ್ಥೆಯ ಮಾಜಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್, ಮೊಜಾಂಬಿಕ್‌ನ ಮಾಜಿ ಸಚಿವೆ ಗ್ರಾಸಾ ಮಶೆಲ್, ತಾಂಜಾನಿಯಾದ ಮಾಜಿ ಅಧ್ಯಕ್ಷ ಬೆಂಜಮಿನ್ ಎಂಕಾಪಾ. ಜನವರಿ 22ಕ್ಕೆ ನೈರೋಬಿಗೆ ಇಳಿದ ಅನ್ನಾನ್ ಹಾಕಿದ ಮೊದಲ ಷರತ್ತು ಮೇಜು ಒಂದೇ ಇರಬೇಕು ಎಂಬುದು. ಅಮೆರಿಕ, ಐರೋಪ್ಯ ಒಕ್ಕೂಟ, ವಿಶ್ವಸಂಸ್ಥೆ ಯಾರೂ ತಮ್ಮದೇ ಸಂಧಾನ ತೆರೆಯದೆ ಈ ತಂಡದ ಹಿಂದೆ ನಿಲ್ಲಬೇಕು. ಎರಡು ಅಂಗಡಿ ತೆರೆದರೆ ಗಿರಾಕಿ ಚೌಕಾಸಿಗೆ ನಿಲ್ಲುತ್ತಾನೆ. ಒಂದು ಕಡೆ ಒಪ್ಪದ ಷರತ್ತನ್ನು ಇನ್ನೊಂದು ಕಡೆ ಕೇಳುತ್ತಾನೆ. ಸುಡಾನ್‌ನಲ್ಲಿ 2023ರ ಏಪ್ರಿಲ್‌ನಲ್ಲಿ ಅಂತರ್ಯುದ್ಧ ಶುರುವಾದ ನಂತರ ಆಗಿದ್ದು ಅದೇ. ಜೆಡ್ಡಾದಲ್ಲಿ ಒಂದು ಮಾತುಕತೆ, ಪೂರ್ವ ಆಫ್ರಿಕಾದ ಇಗಾಡ್ ಸಂಘಟನೆಯದು ಮತ್ತೊಂದು, ಕೈರೋದಲ್ಲಿ ಇನ್ನೊಂದು ಸಭೆ. ಕೊನೆಗೆ 2024ರ ಜನವರಿಯಲ್ಲಿ ಸುಡಾನ್ ಸೇನಾಡಳಿತ ಇಗಾಡ್ ಸದಸ್ಯತ್ವವನ್ನೇ ಅಮಾನತಿನಲ್ಲಿಟ್ಟಿತು.

ನೈರೋಬಿಯಲ್ಲಿ ವಿಷಯಗಳನ್ನು ನಾಲ್ಕು ಕಂತು ಮಾಡಿದರು: ಮೊದಲು ಹಿಂಸೆ ನಿಲ್ಲಿಸುವುದು, ಆಮೇಲೆ ನಿರಾಶ್ರಿತರು, ಮೂರನೆಯದು ಅಧಿಕಾರ ಹಂಚಿಕೆ, ಭೂಮಿ ಮತ್ತು ಸಂವಿಧಾನದಂಥ ಹಳೆಯ ಹುಣ್ಣುಗಳು ಕೊನೆಗೆ. ಸುಲಭದ್ದು ಮೊದಲಿದ್ದರೆ ದಿನಾ ಒಂದಾದರೂ ಸಹಿ ಬೀಳುತ್ತದೆ, ಎದ್ದುಹೋಗುವುದು ಮುಜುಗರವಾಗುತ್ತದೆ. ಮೂರನೆಯದರಲ್ಲಿ ಗಾಡಿ ನಿಂತಾಗ ಅನ್ನಾನ್ ಎರಡೂ ಕಡೆಯ ಸಂಧಾನಕಾರರ ತಂಡಗಳನ್ನು ಬದಿಗಿಟ್ಟು ಇಬ್ಬರು ನಾಯಕರನ್ನೇ ಕೂರಿಸಿದರು. ಆಗ ಆಫ್ರಿಕನ್ ಯೂನಿಯನ್ ಅಧ್ಯಕ್ಷರಾಗಿದ್ದ ತಾಂಜಾನಿಯಾದ ಕಿಕ್ವೆಟೆ, ಅಧ್ಯಕ್ಷ ಮತ್ತು ಪ್ರಧಾನಿ ಇಬ್ಬರೂ ಇರುವ ಪದ್ಧತಿ ತಮ್ಮ ದೇಶದಲ್ಲಿ ಹೇಗೆ ನಡೆಯುತ್ತದೆ ಎಂದು ವಿವರಿಸಿದರು. ಫೆಬ್ರವರಿ 28ಕ್ಕೆ ಸಹಿ ಬಿತ್ತು, ಮಾರ್ಚ್‌ನಲ್ಲಿ ಸಂಸತ್ತು ಅದನ್ನು ಕಾನೂನು ಮಾಡಿತು, ಒಡಿಂಗಾ ಪ್ರಧಾನಿಯಾದರು, 2010ಕ್ಕೆ ಹೊಸ ಸಂವಿಧಾನ ಬಂತು. ನೆರೆಯವನಾಗಿರುವುದರ ನಿಜವಾದ ಲಾಭ ಇಂಥ ಕಡೆ ಕಾಣುತ್ತದೆ. ‘ನಮ್ಮಲ್ಲಿ ಹೀಗೆ ನಡೆಯುತ್ತಿದೆ’ ಎಂದು ಪಕ್ಕದ ದೇಶದ ಅಧ್ಯಕ್ಷ ಹೇಳಿದಾಗ ಸಿಗುವ ಮನ್ನಣೆ ಜಿನೀವಾದಿಂದ ಬಂದ ತಜ್ಞನ ವರದಿಗೆ ಸಿಗುವುದಿಲ್ಲ. ಉಗಾಂಡಾ, ರುವಾಂಡಾಗಳ ಪೆಟ್ರೋಲು, ಸರಕು ಹೆಚ್ಚಾಗಿ ಮೊಂಬಾಸಾ ಬಂದರಿನಿಂದ ಕೀನ್ಯಾ ದಾಟಿಯೇ ಹೋಗುತ್ತಿತ್ತು ಎಂಬುದೂ ನೆರೆಯವರನ್ನು ಒಗ್ಗೂಡಿಸಿತ್ತು.

ಬಂದೂಕು ಎಣಿಸುವ ಕೆಲಸ

ಸಹಿಯ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಆಮೇಲಿನದು ಬರುವುದಿಲ್ಲ. ಒಪ್ಪಂದ ಉಳಿಯುವುದು ಅಥವಾ ಸಾಯುವುದು ಆಮೇಲಿನದರಲ್ಲೇ. ಇಂಡೊನೇಷ್ಯಾದ ಅಚೆ ಪ್ರಾಂತ್ಯದ ಬಂಡಾಯ ಸುಮಾರು ಮೂವತ್ತು ವರ್ಷ ನಡೆದು, 2004ರ ಸುನಾಮಿಯ ನಂತರ, 2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ ಒಪ್ಪಂದವಾಯಿತು. ಮಾತುಕತೆ ನಡೆಸಿಕೊಟ್ಟವರು ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ. ಉಸ್ತುವಾರಿಗೆ ಐರೋಪ್ಯ ಒಕ್ಕೂಟದ ಜೊತೆ ಬಂದವು ಆಸಿಯಾನ್‌ನ ಐದು ದೇಶಗಳು: ಥಾಯ್ಲೆಂಡ್, ಮಲೇಷ್ಯಾ, ಬ್ರೂನೈ, ಫಿಲಿಪ್ಪೀನ್ಸ್, ಸಿಂಗಪುರ. ಆಸಿಯಾನ್ ಎಂಬ ಹೆಸರಿನಲ್ಲಿ ಹೋಗಿದ್ದರೆ ಎಲ್ಲ ಸದಸ್ಯರ ಒಮ್ಮತ ಬೇಕಿತ್ತು. ‘ಐದು ದೇಶಗಳು’ ಎಂದದ್ದರಿಂದ ಆ ತೊಡಕು ತಪ್ಪಿತು. ಕರೆದದ್ದು ಸ್ವತಃ ಇಂಡೊನೇಷ್ಯಾ.

ಒಪ್ಪಂದದಲ್ಲಿ ‘ಶಾಂತಿ ಕಾಪಾಡತಕ್ಕದ್ದು’ ಎಂಬಂಥ ತೇಲುಮಾತು ಕಡಿಮೆ, ಅಂಕಿ ಜಾಸ್ತಿ. ಬಂಡುಕೋರರು 840 ಆಯುಧ ಒಪ್ಪಿಸಬೇಕು, 3,000 ಹೋರಾಟಗಾರರನ್ನು ವಿಸರ್ಜಿಸಬೇಕು. ಅಚೆಯಲ್ಲಿ ಉಳಿಯುವ ಸೈನಿಕರು 14,700, ಪೊಲೀಸರು 9,100, ಉಳಿದವರು ಹೊರಡಬೇಕು. ಎರಡೂ ನಾಲ್ಕು ಕಂತಿನಲ್ಲಿ, ಸೆಪ್ಟೆಂಬರ್ 15ರಿಂದ ಡಿಸೆಂಬರ್ 31ರೊಳಗೆ. ಒಂದು ಕಂತಿನ ಬಂದೂಕು ಬಂದರೆ ಒಂದು ಕಂತಿನ ಪಡೆ ಹಡಗು ಹತ್ತುತ್ತದೆ. ಯಾರೂ ಪೂರ್ತಿ ಬರಿಗೈ ಆಗಿ ಕಾಯಬೇಕಿಲ್ಲ. ತಂದ ಆಯುಧಗಳಲ್ಲಿ ಕೆಲಸಕ್ಕೆ ಬಾರದ್ದನ್ನು ಉಸ್ತುವಾರಿ ತಂಡ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ; ಸಾವಿರಕ್ಕೂ ಹೆಚ್ಚು ಬಂದದ್ದರಲ್ಲಿ ಲೆಕ್ಕಕ್ಕೆ ಹಿಡಿದದ್ದು 840. ಒಪ್ಪಿದ್ದನ್ನು ಅಲ್ಲಿಯೇ ಯಂತ್ರದಲ್ಲಿ ತುಂಡರಿಸಿದರು. ‘ಇವನು ಇನ್ನೂ ಬಚ್ಚಿಟ್ಟಿದ್ದಾನೆ’, ‘ಅವರ ಸೈನಿಕ ನಮ್ಮವನನ್ನು ಹೊಡೆದ’ ಎಂಬ ದೂರುಗಳಿಗೆ ಎರಡೂ ಕಡೆಯ ಪ್ರತಿನಿಧಿಗಳು ನಿಗದಿತವಾಗಿ ಕೂರುವ ಭದ್ರತಾ ಸಮಿತಿ ಇತ್ತು; ಸಣ್ಣ ಜಗಳ ಪತ್ರಿಕೆಗೆ ಹೋಗುವ ಮೊದಲು ಅಲ್ಲಿಗೆ ಬರಬೇಕು. 2006ರ ಡಿಸೆಂಬರ್ 15ಕ್ಕೆ ತಂಡ ಗಂಟುಮೂಟೆ ಕಟ್ಟಿತು. ಅಚೆಯಲ್ಲಿ ಯುದ್ಧ ಮರಳಿಲ್ಲ.

ಇದರ ಪಕ್ಕದಲ್ಲಿ ಮ್ಯಾನ್ಮಾರ್ ಇಟ್ಟು ನೋಡಬೇಕು. 2021ರ ಫೆಬ್ರವರಿ 1ರ ಸೇನಾ ದಂಗೆಯ ನಂತರ ಏಪ್ರಿಲ್ 24ರಂದು ಜಕಾರ್ತದಲ್ಲಿ ಆಸಿಯಾನ್ ಐದು ಅಂಶಗಳ ಒಮ್ಮತಕ್ಕೆ ಬಂತು: ಹಿಂಸೆ ನಿಲ್ಲಬೇಕು, ಎಲ್ಲರೂ ಮಾತಾಡಬೇಕು, ವಿಶೇಷ ದೂತ ಮಧ್ಯಸ್ಥಿಕೆ ವಹಿಸಬೇಕು, ನೆರವು ತಲುಪಬೇಕು, ದೂತ ಹೋಗಿ ಎಲ್ಲರನ್ನೂ ಕಾಣಬೇಕು. ದಿನಾಂಕ, ಸಂಖ್ಯೆ, ತಪ್ಪಿದರೆ ಏನು ಎಂಬುದು ಒಂದರಲ್ಲೂ ಇಲ್ಲ. ದಂಗೆ ನಡೆಸಿದ ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಸಭೆಯಲ್ಲಿ ಕೂತು ಒಪ್ಪಿ, ಊರಿಗೆ ಹೋಗಿ ‘ಪರಿಸ್ಥಿತಿ ತಿಳಿಯಾದ ಮೇಲೆ ನೋಡೋಣ’ ಎಂದರು. ದೂತನ ಹುದ್ದೆ ಆಸಿಯಾನ್ ಅಧ್ಯಕ್ಷತೆಯ ಜೊತೆ ವರ್ಷಕ್ಕೊಮ್ಮೆ ಕೈ ಬದಲಾಯಿಸುತ್ತದೆ. ಬ್ರೂನೈ, ಕಾಂಬೋಡಿಯಾ, ಇಂಡೊನೇಷ್ಯಾ, ಲಾವೋಸ್, ಮಲೇಷ್ಯಾ ಎಂದು ಐದು ವರ್ಷದಲ್ಲಿ ಐದು ಕೈ. ಒಬ್ಬನಿಗೆ ಬಣಗಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಡಿಸೆಂಬರ್. 2021ರ ಅಕ್ಟೋಬರ್‌ನಿಂದ ಸೇನಾ ಮುಖ್ಯಸ್ಥನಿಗೆ ಶೃಂಗಸಭೆಯ ಕುರ್ಚಿ ಕೊಡದೆ ‘ರಾಜಕೀಯೇತರ ಪ್ರತಿನಿಧಿ’ ಮಾತ್ರ ಬರಲಿ ಎಂದದ್ದೇ ಆಸಿಯಾನ್ ತೋರಿಸಿದ ಅತಿ ದೊಡ್ಡ ಸಿಟ್ಟು. ಸನ್ನದಿನ 20ನೇ ವಿಧಿ ತೀರ್ಮಾನಕ್ಕೆ ಸಮಾಲೋಚನೆ ಮತ್ತು ಒಮ್ಮತ ಬೇಕು ಎನ್ನುತ್ತದೆ. ಥಾಯ್ಲೆಂಡಿನ ಗ್ಯಾಸಿನಲ್ಲಿ ಒಂದು ಪಾಲು ಮ್ಯಾನ್ಮಾರಿನಿಂದ ಬರುತ್ತದೆ. ಸೇನೆಗೆ ಬೇಕಾದ ಆಯುಧ ಕೊಡಲು ಆಸಿಯಾನ್ ಹೊರಗಿನ ರಷ್ಯಾ, ಚೀನಾ ಇವೆ. ಜಮ್ಮೆಗೆ ಇಲ್ಲದಿದ್ದ ಹಿತ್ತಿಲ ಬಾಗಿಲು ಇಲ್ಲಿ ಎರಡು.

ಸಹಿ ಹಾಕಿದವರಷ್ಟೇ ಸಹಿ ಹಾಕದವರೂ ಮುಖ್ಯ. ಇಥಿಯೋಪಿಯಾದ ತಿಗ್ರೆ ಯುದ್ಧವನ್ನು ನಿಲ್ಲಿಸಿದ 2022ರ ನವೆಂಬರ್ 2ರ ಪ್ರಿಟೋರಿಯಾ ಒಪ್ಪಂದ ಆಫ್ರಿಕನ್ ಯೂನಿಯನ್ನಿನ ಇತ್ತೀಚಿನ ದೊಡ್ಡ ಸಾಧನೆ. ನೈಜೀರಿಯಾದ ಮಾಜಿ ಅಧ್ಯಕ್ಷ ಒಬಸಾಂಜೊ, ಕೀನ್ಯಾದ ಮಾಜಿ ಅಧ್ಯಕ್ಷ ಉಹುರು ಕೆನ್ಯಾಟ, ದಕ್ಷಿಣ ಆಫ್ರಿಕಾದ ಮಾಜಿ ಉಪಾಧ್ಯಕ್ಷೆ ಮ್ಲಾಂಬೊ ಎನ್ಗುಕಾ ಕೂತು ಮಾಡಿಸಿದ್ದು. ಅಲ್ಲಿ ಹೋರಾಡಿದ ಎರಿಟ್ರಿಯಾ ಸೇನೆಯಾಗಲಿ ಅಮ್ಹಾರಾ ಪಡೆಗಳಾಗಲಿ ಆ ಮೇಜಿನಲ್ಲಿರಲಿಲ್ಲ. ಪಶ್ಚಿಮ ತಿಗ್ರೆಯ ಜಮೀನು ಯಾರದು ಎಂಬ ತಕರಾರು, ವಾಪಸಾಗದ ನಿರಾಶ್ರಿತರು ಹಾಗೇ ಉಳಿದದ್ದು ಅದಕ್ಕೇ. ಆಫ್ರಿಕನ್ ಯೂನಿಯನ್ ಕೇಂದ್ರ ಕಚೇರಿ ಆಡಿಸ್ ಅಬಾಬಾದಲ್ಲಿದೆ, ಅಂದರೆ ಯುದ್ಧದ ಒಂದು ಪಕ್ಷದ ರಾಜಧಾನಿಯಲ್ಲಿ. ತಿಗ್ರೆಯವರು ಬಹುಕಾಲ ಆ ಸಂಧಾನವನ್ನೇ ನಂಬಲಿಲ್ಲ.

ದುಡ್ಡಿನ ಮಾತನ್ನೂ ಆಡಬೇಕು. ಸೊಮಾಲಿಯಾಕ್ಕೆ 2007ರಲ್ಲಿ ಹೋದ ಆಫ್ರಿಕನ್ ಯೂನಿಯನ್ ಪಡೆಯ ಸೈನಿಕರ ಭತ್ಯೆ ಕೊಡುತ್ತಿದ್ದದ್ದು ಐರೋಪ್ಯ ಒಕ್ಕೂಟ: ತಿಂಗಳಿಗೆ 1,028 ಡಾಲರ್, ಅದರಲ್ಲಿ ಸುಮಾರು 200 ಡಾಲರ್ ಅವರವರ ಸರ್ಕಾರ ಹಿಡಿದುಕೊಳ್ಳುತ್ತಿತ್ತು. 2016ರಲ್ಲಿ ಒಕ್ಕೂಟ ಶೇ 20 ಕಡಿತ ಮಾಡಿದ ಕೂಡಲೇ ಪಡೆ ವಾಪಸಿನ ಮಾತು ಎದ್ದಿತು. ಆಮದಿನ ಮೇಲೆ ಶೇ 0.2 ತೆರಿಗೆ ಹಾಕಿ ಸ್ವಂತ ನಿಧಿ ಕಟ್ಟೋಣ ಎಂದು ಆ ವರ್ಷವೇ ರುವಾಂಡಾದ ಕಿಗಾಲಿಯಲ್ಲಿ ತೀರ್ಮಾನಿಸಿದರೂ ಎಲ್ಲರೂ ಕೊಡಲಿಲ್ಲ. 2023ರ ಡಿಸೆಂಬರ್‌ನ ಭದ್ರತಾ ಮಂಡಳಿಯ 2719ನೇ ನಿರ್ಣಯ ಇಂಥ ಕಾರ್ಯಾಚರಣೆಯ ವೆಚ್ಚದಲ್ಲಿ ಶೇ 75ರವರೆಗೆ ವಿಶ್ವಸಂಸ್ಥೆಯೇ ಭರಿಸಬಹುದು ಎಂದಿತು. ಸೊಮಾಲಿಯಾಕ್ಕೆ ಅದನ್ನು ಅನ್ವಯಿಸಲು ಅಮೆರಿಕ ಒಪ್ಪದೆ ಅದು ಕಾಗದದಲ್ಲೇ ಇದೆ.

ಬೆಂಗಳೂರು, ಸುಳ್ಯ, ಕಠ್ಮಂಡು

ಕೊಡಗಿನಲ್ಲಿ ಸಾರ್ಕ್ ಹೆಸರು ಕೇಳಿಬಂದದ್ದು ಕರಿಮೆಣಸಿನ ದರ ಬಿದ್ದಾಗ. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹಾದಿಯಲ್ಲಿ ಸುಂಕ ವಿನಾಯಿತಿ ಪಡೆದು ಬರುತ್ತಿದೆ ಎಂದು ಬೆಳೆಗಾರರು ಹುಯಿಲೆಬ್ಬಿಸಿ, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ದರ ನಿಗದಿಪಡಿಸಿತು. ಒಂದು ಚೀಲ ಮೆಣಸು ಯಾವ ದೇಶದ್ದು ಎಂದು ತೀರ್ಮಾನಿಸಲು ದಕ್ಷಿಣ ಏಷ್ಯಾದ ವ್ಯಾಪಾರ ಒಪ್ಪಂದಗಳಲ್ಲಿ ಪುಟಗಟ್ಟಲೆ ನಿಯಮವಿದೆ. ಸದಸ್ಯ ದೇಶದಲ್ಲಿ ಅಂತರ್ಯುದ್ಧವಾದರೆ ಏನು ಮಾಡಬೇಕು ಎಂಬುದಕ್ಕೆ ಸಾರ್ಕ್ ಸನ್ನದಿನಲ್ಲಿ ಒಂದು ಸಾಲೂ ಇಲ್ಲ. ಇರುವುದು ಅದರ ವಿರುದ್ಧದ ಸಾಲು: 10ನೇ ವಿಧಿಯಂತೆ ಎಲ್ಲ ತೀರ್ಮಾನ ಸರ್ವಾನುಮತದಿಂದ, ಮತ್ತು ದ್ವಿಪಕ್ಷೀಯ, ವಿವಾದಾಸ್ಪದ ವಿಷಯಗಳು ಚರ್ಚೆಗೆ ಬರುವಂತಿಲ್ಲ.

ಇದು ಮರೆವಿನಿಂದ ಆದದ್ದಲ್ಲ. 1985ರಲ್ಲಿ ಢಾಕಾದಲ್ಲಿ ಸಾರ್ಕ್ ಹುಟ್ಟುವಾಗ ಚಿಕ್ಕ ದೇಶಗಳೆಲ್ಲ ಸೇರಿ ತನ್ನ ಮೇಲೆ ಬೀಳುತ್ತವೆ ಎಂಬ ಅಳುಕು ಭಾರತಕ್ಕೆ, ಸಂಘದ ಹೆಸರಲ್ಲಿ ಭಾರತ ಮನೆಯೊಳಗೆ ಬರುತ್ತದೆ ಎಂಬ ಅಳುಕು ಉಳಿದವರಿಗೆ. ಈಗಿನ ಎಂಟು ಸದಸ್ಯರಲ್ಲಿ ಒಬ್ಬನೇ ಬಹುಪಾಲು ನೆರೆಮನೆಗಳಿಗೆ ಗೋಡೆ ಹಂಚಿಕೊಂಡಿರುವ ಸಂಘ ಇದು. ತಾಂಜಾನಿಯಾ ಕೀನ್ಯಾಕ್ಕೆ ಹೇಳಿದ ಧಾಟಿಯಲ್ಲಿ ಇಲ್ಲಿ ಯಾರೂ ಯಾರಿಗೂ ಹೇಳುವ ಹಾಗಿಲ್ಲ.

ಸಾರ್ಕ್‌ನ ಎರಡನೇ ಶೃಂಗಸಭೆ ನಡೆದದ್ದು ಬೆಂಗಳೂರಿನಲ್ಲಿ, 1986ರ ನವೆಂಬರ್ 16 ಮತ್ತು 17ರಂದು. ಶ್ರೀಲಂಕಾದಲ್ಲಿ ಆಗ ತಮಿಳರ ಹೋರಾಟ ಮೂರು ವರ್ಷದಿಂದ ಉರಿಯುತ್ತಿತ್ತು. ಕಾರ್ಯಸೂಚಿಯಲ್ಲಿ ಅದಿರಲಿಲ್ಲ. ಆದರೆ ಅಧ್ಯಕ್ಷ ಜಯವರ್ಧನೆ ಊರಲ್ಲಿದ್ದರು, ರಾಜೀವ್ ಗಾಂಧಿ ಇದ್ದರು, ಎಲ್‌ಟಿಟಿಇಯ ಪ್ರಭಾಕರನ್ ಅವರನ್ನು ಮದ್ರಾಸಿನಿಂದ ಕರೆತರಲಾಗಿತ್ತು, ಎಂ.ಜಿ. ರಾಮಚಂದ್ರನ್ ಕೂಡ ಬಂದಿದ್ದರು. ಶೃಂಗಸಭೆಯ ಬದಿಯಲ್ಲಿ ನಡೆದ ಆ ಮಾತುಕತೆಯಲ್ಲಿ ಪೂರ್ವ ಪ್ರಾಂತ್ಯವನ್ನು ಮೂರು ಮಾಡುವ ಪ್ರಸ್ತಾವಕ್ಕೆ ಪ್ರಭಾಕರನ್ ಒಪ್ಪಲಿಲ್ಲ. ಮುಂದಿನದು 1987ರ ಜುಲೈ 29ರ ಒಪ್ಪಂದ, ಭಾರತ ಮತ್ತು ಶ್ರೀಲಂಕಾ ನಡುವಿನದು. ಎಲ್‌ಟಿಟಿಇ ಸಹಿ ಅದರಲ್ಲಿಲ್ಲ. ಶಾಂತಿಪಾಲನೆಗೆ ಹೋದ ಭಾರತದ ಪಡೆ ಮೂರೇ ತಿಂಗಳಲ್ಲಿ ಎಲ್‌ಟಿಟಿಇ ಜೊತೆ ಯುದ್ಧಕ್ಕೆ ನಿಂತು, ಸುಮಾರು 1,200 ಸೈನಿಕರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ಮರಳಿತು. ಆಗ ಸಾರ್ಕ್‌ನಲ್ಲಿದ್ದ ಏಳು ದೇಶಗಳ ಬಾವುಟದಡಿ ಹೋಗಿದ್ದರೆ ಹಾಗಾಗುತ್ತಿರಲಿಲ್ಲ ಎನ್ನಲಾಗದು, ಎಕೊಮಾಗ್ ನೋಡಿದ್ದೇವೆ. ಆದರೆ ಒಂಟಿಯಾಗಿ ಹೋದವನ ಮೇಲೆ ಎರಡೂ ಕಡೆಯ ಸಿಟ್ಟು ತಿರುಗುವುದು ಸುಲಭ. ಜಯವರ್ಧನೆ ನಂತರ ಅಧ್ಯಕ್ಷರಾದ ಪ್ರೇಮದಾಸ ಮತ್ತು ಪ್ರಭಾಕರನ್ ಒಂದಾದದ್ದು ಭಾರತದ ಪಡೆ ಹೊರಡಲಿ ಎಂಬ ಒಂದೇ ವಿಷಯದಲ್ಲಿ.

ಸಂಪಾಜೆ ಘಾಟಿ ಇಳಿದರೆ ಸುಳ್ಯ. ಅಲ್ಲಿನ ಮತ್ತು ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಲಂಕೆಯಿಂದ ಮರಳಿದ ತಮಿಳು ಕುಟುಂಬಗಳು ನೆಲೆಸಿವೆ. ಅವರ ಬದುಕನ್ನು ನಿರ್ಧರಿಸಿದ್ದು 1964ರ ಸಿರಿಮಾವೊ ಮತ್ತು ಶಾಸ್ತ್ರಿ ಒಪ್ಪಂದ: 5,25,000 ಜನ ಭಾರತಕ್ಕೆ, 3,00,000 ಜನ ಲಂಕೆಗೆ, ಉಳಿದ 1,50,000 ಜನರ ಲೆಕ್ಕ ಆಮೇಲೆ. ಚಹಾ ತೋಟದ ಕಾರ್ಮಿಕರ ಪೌರತ್ವ ಲಂಕೆಯ ಆಂತರಿಕ ವಿಷಯ ತಾನೆ? ಎರಡು ರಾಜಧಾನಿಗಳು ಅದನ್ನು ತಲೆ ಎಣಿಸಿ ಹಂಚಿಕೊಂಡವು. ಎಣಿಸಿದವರಲ್ಲಿ ಯಾರನ್ನೂ ಕೇಳಿರಲಿಲ್ಲ.

ನೇಪಾಳದ ಮಾವೋವಾದಿ ಯುದ್ಧ 1996ರಿಂದ 2006ರವರೆಗೆ ನಡೆಯಿತು. ಹನ್ನೆರಡು ಅಂಶಗಳ ತಿಳಿವಳಿಕೆ 2005ರಲ್ಲಿ ದೆಹಲಿಯಲ್ಲಿ ಆಯಿತು, ಅಂತಿಮ ಒಪ್ಪಂದ 2006ರ ನವೆಂಬರ್‌ನಲ್ಲಿ. ಆಯುಧಗಳ ಉಸ್ತುವಾರಿಗೆ ಬಂದದ್ದು ವಿಶ್ವಸಂಸ್ಥೆ. ಅಲ್ಲಿ ಬಂದೂಕು ಕತ್ತರಿಸಲಿಲ್ಲ, ಕಂಟೇನರ್‌ಗೆ ಹಾಕಿ ಬೀಗ ಜಡಿದರು. ಕೀಲಿ ಮಾವೋವಾದಿ ಕಮಾಂಡರ್ ಹತ್ತಿರ, ಕ್ಯಾಮೆರಾ ಮತ್ತು ಸೈರನ್ ವಿಶ್ವಸಂಸ್ಥೆಯದು. ಅಷ್ಟೇ ಸಂಖ್ಯೆಯ ಆಯುಧವನ್ನು ನೇಪಾಳ ಸೇನೆಯೂ ಬೀಗದೊಳಗಿಟ್ಟಿತು. ಸೋತವರ ಹಾಗೆ ಕಾಣದೆ ಬಂದೂಕು ಕೆಳಗಿಡಲು ಅದರಿಂದ ದಾರಿಯಾಯಿತು. ಈ ಹತ್ತು ವರ್ಷ ಸಾರ್ಕ್ ಕಾರ್ಯಾಲಯ ಇದ್ದದ್ದು ಕಠ್ಮಂಡುವಿನಲ್ಲೇ. ಅದನ್ನು ಅಲ್ಲಿ ಸ್ಥಾಪಿಸುವ ತಿಳಿವಳಿಕೆ ಪತ್ರಕ್ಕೆ ಸಹಿಯಾದದ್ದು ಬೆಂಗಳೂರಿನ ಆ ಸಭೆಯಲ್ಲಿ.

ಕೊನೆಯ ಶೃಂಗಸಭೆಯೂ ಆ ನಗರದಲ್ಲಿ ಆದದ್ದು, 2014ರ ನವೆಂಬರ್‌ನಲ್ಲಿ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಿದ್ದದ್ದು ಉರಿ ದಾಳಿಯ ನಂತರ ನಿಂತುಹೋಯಿತು. 2022ರಲ್ಲಿ ಶ್ರೀಲಂಕಾ ದಿವಾಳಿಯಾಗಿ ಅಧ್ಯಕ್ಷರು ಓಡಿಹೋದಾಗ ಸುಮಾರು 4 ಶತಕೋಟಿ ಡಾಲರ್ ನೆರವು ಹೋದದ್ದು ಭಾರತದಿಂದ, ನೇರವಾಗಿ. 2025ರ ಸೆಪ್ಟೆಂಬರ್ 9ರಂದು ಕಠ್ಮಂಡುವಿನಲ್ಲಿ ಸಂಸತ್ ಭವನಕ್ಕೆ, ಸಿಂಹ ದರ್ಬಾರಿಗೆ ಬೆಂಕಿ ಬಿದ್ದು ಓಲಿ ಸರ್ಕಾರ ಉರುಳಿತು. ಮೂರು ದಿನಕ್ಕೆ ಸುಶೀಲಾ ಕಾರ್ಕಿ ಹಂಗಾಮಿ ಪ್ರಧಾನಿಯಾದರು. ಎಂಟು ದೇಶಗಳ ಅಧಿಕಾರಿಗಳು ಕೂರುವ ಸಾರ್ಕ್ ಕಾರ್ಯಾಲಯ ಇರುವುದು ಅದೇ ನಗರದಲ್ಲಿ. ಕಿಟಕಿಯಿಂದ ಹೊಗೆ ಕಂಡರೂ 10ನೇ ವಿಧಿಯಂತೆ ಅದು ಚರ್ಚಿಸುವ ವಿಷಯವಲ್ಲ.